ಕಾಫಿ ಸೀಮೆಯ ತರಗತಿಯೂ ಡಿಜಿಟಲ್ ಸಲಕರಣೆಗಳೂ

ಮೂಡಿಗೆರೆ, ಕಳಸ, ಚಿಕ್ಕಮಗಳೂರುಗಳ ಕಾಫಿ ತೋಟಗಳನ್ನು ಬಲ್ಲವರಿಗೆ ಹೂಮಳೆಯೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಕಾಫಿ ಗಿಡದ ಗೆಣ್ಣುಗಳಲ್ಲಿ ಮೊಗ್ಗುಗಳು ಚಳಿಗಾಲದ ಹೊತ್ತಿಗೇ ಮೂಡಿ, ಸ್ವಲ್ಪ ಬೆಳೆದು, ಅಲ್ಲಿಗೇ ನಿಂತುಬಿಡುವುವು. ಫೆಬ್ರವರಿ, ಮಾರ್ಚ್ ತಿಂಗಳುಗಳ ಬಿಸಿಲಿನಲ್ಲಿ ನೆಲ ಒಣಗಿ ಎಲೆ ಬಾಡಿದರೂ ಅವುಗಳಲ್ಲಿ ಚಲನೆ ಕಾಣದು. ಅನಂತರ ಒಂದು ಸಂಜೆ ಗುಡುಗಿ, ಒಂದು ಇಂಚಿನಷ್ಟು ಮಳೆ ಸುರಿಯಿತೆಂದರೆ, ಏಳರಿಂದ ಹತ್ತು ದಿನಗಳೊಳಗೆ ತೋಟಕ್ಕೆ ತೋಟವೇ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಗೆ ತರುವ ಕಂಪು ರಸ್ತೆಯವರೆಗೂ ಹರಡುವುದು. ಮಳೆ ತಡವಾದರೆ, ಅನುಕೂಲವುಳ್ಳ ಬೆಳೆಗಾರರು ಕೆರೆಯ ನೀರನ್ನು ಸ್ಪ್ರಿಂಕ್ಲರುಗಳಿಂದ ಚಿಮ್ಮಿಸಿ ರೊಬಸ್ಟಾ ಗಿಡಗಳಲ್ಲಿ ಹೂ ಬಿಡಿಸುವುದುಂಟು.

ಈಗ ವಾಚಕರಿಗೊಂದು ಪ್ರಶ್ನೆ. ಕುಂಡದಲ್ಲಿ ಬೆಳೆಸಿದ ಒಂದು ಕಾಫಿ ಗಿಡಕ್ಕೆ ಡಿಸೆಂಬರಿನಿಂದ ದಿನವೂ ತಪ್ಪದೆ ನೀರು ಹಾಕಲಾಗಿದೆ. ಒಂದು ದಿನವೂ ಅದು ಬಾಯಾರಿಕೆಯನ್ನು ಕಂಡಿಲ್ಲ ಎಂದಿಟ್ಟುಕೊಳ್ಳಿ. ಮಾರ್ಚ್ ತಿಂಗಳಿನಲ್ಲಿ ಅದರ ಮೊಗ್ಗುಗಳ ಗತಿಯೇನು? (ಅ) ಉಳಿದ ಗಿಡಗಳಿಗಿಂತ ಮೊದಲೇ ಮತ್ತು ಹೆಚ್ಚಾಗಿ ಅರಳುವುವು. (ಆ) ಉಳಿದವುಗಳ ಜೊತೆಯಲ್ಲಿಯೇ ಅರಳುವುವು. (ಇ) ಬಹುಮಟ್ಟಿಗೆ ಅರಳದೆ ಮೊಗ್ಗಾಗಿಯೇ ಉಳಿಯುವುವು. (ಈ) ಕೊಳೆತು ಉದುರಿಹೋಗುವುವು. ಮುಂದಿನ ಸಾಲಿಗೆ ಹೋಗುವ ಮೊದಲು ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದಕ್ಕೆ ಕಾರಣವನ್ನೂ ಮನಸ್ಸಿನಲ್ಲಿಯೇ ಹೇಳಿಕೊಳ್ಳಬೇಕೆಂದು ಕೋರಿಕೆ.

ತೋಟದ ಮನೆಯಲ್ಲಿ ಬೆಳೆದ ವಿದ್ಯಾರ್ಥಿ ಮೊದಲನೆಯದನ್ನು ಆರಿಸಿದರೆ ಆಶ್ಚರ್ಯವೇನೂ ಇಲ್ಲ. ನೀರು ಬಿದ್ದರೆ ಹೂ ಬರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಹೆಚ್ಚು ನೀರಿಗೆ ಹೆಚ್ಚು ಹೂವೆಂಬುದು ಸಹಜವಾದ ತರ್ಕ. ಆದರೆ ಸರಿಯಾದ ಉತ್ತರ ಮೂರನೆಯದು. ಸಸ್ಯಶಾಸ್ತ್ರಜ್ಞ ಪಾಲೊ ಆಲ್ವಿಮ್ ೧೯೬೦ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಸಾರವೇ ಇದು: ಕಾಫಿಯ ಮೊಗ್ಗು ಎಚ್ಚರಗೊಳ್ಳಬೇಕಾದರೆ ಗಿಡ ಮೊದಲು ನೀರಿನ ಕೊರತೆಯನ್ನು ಅನುಭವಿಸಿರಬೇಕು. ಸದಾ ನೀರುಂಡ ಗಿಡದ ಮೊಗ್ಗು ಮಲಗಿಯೇ ಇರುವುದು. ಒಣಗಿನಲ್ಲಿ ಬೆಂದು ಅನಂತರ ನೀರು ಕಂಡ ಗಿಡದ ಮೊಗ್ಗು ಕಣ್ಣು ತೆರೆಯುವುದು. ಮಳೆಯೊಡನೆ ಬರುವ ತಂಪಿಗೂ ಇದರಲ್ಲಿ ಪಾಲುಂಟು. ‘ಬಹುಮಟ್ಟಿಗೆ’ ಎಂಬ ಮಾತನ್ನು ಸೇರಿಸಿದ್ದು ಅದಕ್ಕಾಗಿಯೇ. ಅಂತೂ ಹೂಮಳೆಯಷ್ಟೇ ಮುಖ್ಯವಾದುದು ಅದರ ಹಿಂದಿನ ಬೇಸಗೆ.

ಇದನ್ನೇ ಅಧ್ಯಾಪಕರು ಒಂದು ಗಂಟೆಯ ಉಪನ್ಯಾಸದಲ್ಲಿ ಹೇಳಬಹುದಾಗಿತ್ತು. ವಿದ್ಯಾರ್ಥಿ ಟಿಪ್ಪಣಿ ಬರೆದುಕೊಂಡು, ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆಯಬಹುದಾಗಿತ್ತು. ಆದರೂ ಅವನ ಮನಸ್ಸಿನ ಮೂಲೆಯಲ್ಲಿ ‘ಹೆಚ್ಚು ನೀರು, ಹೆಚ್ಚು ಹೂ’ ಎಂಬ ಹಳೆಯ ನಂಬಿಕೆ ಕದಲದೆ ಉಳಿಯುತ್ತಿತ್ತು. ಏಕೆಂದರೆ ಅದನ್ನು ಯಾರೂ ಹೊರಕ್ಕೆ ಕರೆಯಲಿಲ್ಲ. ಉತ್ತರ ಕೇಳುವ ಮೊದಲು ತಾನೇ ಒಂದು ಉತ್ತರಕ್ಕೆ ಕಟ್ಟುಬಿದ್ದವನು ಮಾತ್ರ ತನ್ನ ತರ್ಕ ಎಲ್ಲಿ ಮುರಿಯಿತೆಂಬುದನ್ನು ಕಾಣಬಲ್ಲನು. ಶಿಕ್ಷಣಶಾಸ್ತ್ರದಲ್ಲಿ ಸಕ್ರಿಯ ಕಲಿಕೆಯೆಂದು ಕರೆಯುವುದು ಇದನ್ನೇ: ಕಲಿಯುವವನು ಕೇಳುಗನಾಗಿ ಕುಳಿತಿರದೆ ಊಹಿಸುವುದು, ವಾದಿಸುವುದು, ಲೆಕ್ಕಹಾಕುವುದು, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು.

ಈ ಕ್ರಮವನ್ನು ವಿಶ್ವವಿದ್ಯಾನಿಲಯದ ದೊಡ್ಡ ತರಗತಿಗೆ ಹೊಂದಿಸಿ ಪ್ರಸಿದ್ಧಿಗೆ ತಂದವರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಮುಖ್ಯರು. ಅವರ ವಿದ್ಯಾರ್ಥಿಗಳು ಪುಸ್ತಕದ ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಆದರೆ ಭಾರವಾದ ಲಾರಿಯೊಂದು ಹಗುರವಾದ ಕಾರಿಗೆ ಡಿಕ್ಕಿ ಹೊಡೆದರೆ ಯಾವುದು ಯಾವುದನ್ನು ಹೆಚ್ಚು ಬಲದಿಂದ ತಳ್ಳುವುದೆಂಬ ಸರಳ ಪ್ರಶ್ನೆಗೆ ತಡವರಿಸುತ್ತಿದ್ದರು. ಎರಡು ಬಲಗಳೂ ಸಮವೆಂಬ ನ್ಯೂಟನ್ನನ ಮೂರನೆಯ ನಿಯಮವೇನೋ ಬಾಯಿಪಾಠವಾಗಿತ್ತು. ೧೯೯೧ರಿಂದ ಮಜೂರ್ ಉಪನ್ಯಾಸವನ್ನು ತುಂಡುತುಂಡಾಗಿ ಮುರಿದು, ನಡುನಡುವೆ ಒಂದೊಂದು ಪ್ರಶ್ನೆಯನ್ನು ಇಡತೊಡಗಿದರು. ಮೊದಲು ಪ್ರತಿಯೊಬ್ಬನೂ ತಾನೊಬ್ಬನೇ ಯೋಚಿಸಿ ಉತ್ತರ ಸೂಚಿಸಬೇಕು. ಸರಿಯುತ್ತರ ಕೊಟ್ಟವರು ತೀರ ಕಡಿಮೆಯೂ ಅಲ್ಲದೆ ತೀರ ಹೆಚ್ಚೂ ಅಲ್ಲದೆ ಇದ್ದರೆ, ಪಕ್ಕದವನೊಡನೆ ಎರಡು ಮೂರು ನಿಮಿಷ ವಾದಿಸಬೇಕು. ಅನಂತರ ಮತ್ತೊಮ್ಮೆ ಉತ್ತರ. ಅಧ್ಯಾಪಕರ ವಿವರಣೆ ಕೊನೆಗೆ.

ಪಕ್ಕದವನಿಗೂ ತಿಳಿಯದಿದ್ದರೆ ವಾದಿಸಿ ಫಲವೇನೆಂದು ಕೇಳಬಹುದು. ೨೦೦೯ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿದರು. ಗುಂಪಿನಲ್ಲಿ ಒಬ್ಬನಿಗೂ ಮೊದಲು ಸರಿಯುತ್ತರ ಗೊತ್ತಿರದಿದ್ದಾಗಲೂ ಚರ್ಚೆಯಾದ ಮೇಲೆ ಅಂಥದೇ ಇನ್ನೊಂದು ಪ್ರಶ್ನೆಗೆ ಸರಿಯಾಗಿ ಉತ್ತರಿಸುವವರ ಸಂಖ್ಯೆ ಏರಿತು. ಬಲ್ಲವನಿಂದ ನಕಲಾದುದಲ್ಲ, ವಾದದಲ್ಲಿಯೇ ತಿಳಿವಳಿಕೆ ಹುಟ್ಟುವುದೆಂದಾಯಿತು.

ಇದರಲ್ಲಿ ಡಿಜಿಟಲ್ ಸಲಕರಣೆಯ ಪಾತ್ರವೇನು? ಎಂಬತ್ತು ಮಂದಿಯ ತರಗತಿಯಲ್ಲಿ ಎಲ್ಲರ ಉತ್ತರವನ್ನೂ ಅರ್ಧ ನಿಮಿಷದಲ್ಲಿ ತಿಳಿಯುವುದು, ಅದೂ ಗುಟ್ಟಾಗಿ. ಕೈಯೆತ್ತಿಸಿದರೆ ಏನಾಗುವುದೆಂಬುದು ಎಲ್ಲರಿಗೂ ತಿಳಿದ ವಿಷಯ: ಮುಂದಿನ ಬೆಂಚಿನ ಬುದ್ಧಿವಂತನ ಕೈ ಎದ್ದ ಕಡೆಗೇ ಉಳಿದ ಕೈಗಳೂ ಏಳುವುವು. ಮಜೂರರ ತರಗತಿಯಲ್ಲಿ ಮುಂದೆ ಗುಂಡಿಯೊತ್ತುವ ಚಿಕ್ಕ ಯಂತ್ರಗಳು ಬಂದುವು, ಅವು ದುಬಾರಿ. ನಮ್ಮ ಬೆಟ್ಟದ ಕಾಲೇಜುಗಳಿಗೆ ಹೆಚ್ಚು ಒಪ್ಪುವುದು ‘ಪ್ಲಿಕರ್ಸ್’ ಎಂಬ ಏರ್ಪಾಡು. ಇದರಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಯಂತ್ರವೇ ಇಲ್ಲ, ಕಾಗದದ ಒಂದು ಕಾರ್ಡು ಮಾತ್ರ. ಕಾರ್ಡಿನ ಮೇಲೆ ಕಪ್ಪು ಚೌಕಗಳಿಂದಾದ ಒಂದು ಆಕೃತಿ. ಒಬ್ಬೊಬ್ಬನದು ಒಂದೊಂದು ಬಗೆ. ಅದರ ನಾಲ್ಕು ಅಂಚುಗಳು ನಾಲ್ಕು ಉತ್ತರಗಳಿಗೆ ಸಂಕೇತ. ತನಗೆ ಸರಿಯೆನಿಸಿದ ಅಂಚನ್ನು ಮೇಲೆ ಮಾಡಿ ಹಿಡಿದರೆ, ಅಧ್ಯಾಪಕರು ತಮ್ಮ ಫೋನಿನ ಕ್ಯಾಮರಾವನ್ನು ತರಗತಿಯ ಮೇಲೆ ಹಾಯಿಸುವರು. ಯಾರ ಕಾರ್ಡು, ಯಾವ ಅಂಚು ಎಂಬುದನ್ನು ಫೋನು ಓದಿ ಎಣಿಸುವುದು. ಅಕ್ಷರ ಸಣ್ಣದಾಗಿರುವುದರಿಂದ ನೆರೆಯವನಿಗೆ ಗುಟ್ಟು ತಿಳಿಯದು. ಇಡೀ ತರಗತಿಗೆ ಒಂದೇ ಫೋನು ಸಾಕು.

ಅದೂ ಇಲ್ಲದಿದ್ದರೆ? ನಾಲ್ಕು ಬಣ್ಣದ ಕಾಗದದ ಚೀಟಿಗಳನ್ನು ಎದೆಗೆ ಒತ್ತಿ ಹಿಡಿದರೂ ಕೆಲಸ ನಡೆಯುವುದು. ಕೆನಡಾದ ನಥಾನಿಯೆಲ್ ಲಾಸ್ರಿ ಎಂಬುವರು ೨೦೦೮ರಲ್ಲಿ ಗುಂಡಿಯಂತ್ರದ ತರಗತಿಯನ್ನೂ ಚೀಟಿಯ ತರಗತಿಯನ್ನೂ ಹೋಲಿಸಿದರು. ಕಲಿಕೆಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಸಲಕರಣೆ ಮಾರುವವರು ಈ ಪ್ರಯೋಗವನ್ನು ಪ್ರಸ್ತಾಪಿಸುವುದು ಅಪರೂಪ! ಯಂತ್ರ ಎಣಿಕೆಯ ಶ್ರಮವನ್ನು ಉಳಿಸುವುದು, ಯಾರು ಎಲ್ಲಿ ಎಡವಿದರೆಂಬ ದಾಖಲೆಯನ್ನು ಇಡುವುದು. ಕಲಿಸುವುದು ಮಾತ್ರ ಪ್ರಶ್ನೆ ಮತ್ತು ವಾದ.

ಕಲಿಸುವುದು ಎಷ್ಟರಮಟ್ಟಿಗೆ ಎಂಬುದಕ್ಕೆ ಲೆಕ್ಕವುಂಟು. ೨೦೧೪ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಪದವಿ ತರಗತಿಗಳ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಬೋಧನೆಯ ಬಗೆಗಿನ ೨೨೫ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಬರಿಯ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು ೩೪ ಮಂದಿ ಅನುತ್ತೀರ್ಣರಾದರೆ, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಸುಮಾರು ೨೨ ಮಂದಿ. ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಸಂಗ್ರಹಾಧ್ಯಯನ ನಮಗೆ ಇನ್ನೂ ಹತ್ತಿರದ್ದು. ಬಡತನದಿಂದಲೋ ಸಮಾಜದ ತಾರತಮ್ಯದಿಂದಲೋ ಹಿಂದುಳಿದ ವಿದ್ಯಾರ್ಥಿಗಳಿಗೂ ಉಳಿದವರಿಗೂ ನಡುವೆ ಪರೀಕ್ಷೆಯ ಅಂಕಗಳಲ್ಲಿರುವ ಅಂತರ ಈ ಕ್ರಮದಿಂದ ಮೂರರಲ್ಲೊಂದು ಪಾಲಿನಷ್ಟು ಕುಗ್ಗಿತೆಂದು ಅದರಿಂದ ಕಂಡುಬಂದಿತು. ತರಗತಿಯ ಹೆಚ್ಚು ಭಾಗ ಸಕ್ರಿಯ ಕೆಲಸಕ್ಕೆ ಮೀಸಲಾದ ಕಡೆಗಳಲ್ಲಿ ಮಾತ್ರ ಈ ಫಲ. ವಾರಕ್ಕೊಂದು ಪ್ರಶ್ನೆ ಕೇಳಿದರೆ ಸಾಲದು.

ಈ ಅಂಕಿ ನಮ್ಮ ಸೀಮೆಯಲ್ಲಿ ಯಾರನ್ನು ಕುರಿತದ್ದೆಂಬುದನ್ನು ಸ್ವಲ್ಪ ಯೋಚಿಸಬೇಕು. ಚಿಕ್ಕಮಗಳೂರು, ಮೂಡಿಗೆರೆಗಳ ಸರ್ಕಾರಿ ಕಾಲೇಜುಗಳಲ್ಲಿ ತೋಟದ ಮಾಲೀಕರ ಮಗಳೂ, ಲೈನ್ ಮನೆಯಲ್ಲಿ ಬೆಳೆದ ಕೂಲಿಯವರ ಮಗನೂ ಒಂದೇ ಬೆಂಚಿನಲ್ಲಿ ಕೂಡುವ ಸಂದರ್ಭಗಳುಂಟು. ಅರ್ಥವಾಗದ ಉಪನ್ಯಾಸವನ್ನು ಮೊದಲನೆಯವಳು ಮನೆಪಾಠದಿಂದ ಸರಿದೂಗಿಸಿಕೊಳ್ಳಬಹುದು. ಎರಡನೆಯವನಿಗೆ ತರಗತಿಯ ಆ ಒಂದು ಗಂಟೆಯೇ ಸರ್ವಸ್ವ. ಆ ಗಂಟೆಯಲ್ಲಿ ಅವನು ಬಾಯಿ ತೆರೆಯಲೇ ಇಲ್ಲವೆಂದರೆ, ಅವನು ಎಲ್ಲಿ ತಪ್ಪಿದನೆಂಬುದು ಫಲಿತಾಂಶದ ದಿನದವರೆಗೂ ಯಾರಿಗೂ ತಿಳಿಯದು, ಅವನಿಗೂ ತಿಳಿಯದು.

೨೦೨೦ ಮತ್ತು ೨೦೨೧ರಲ್ಲಿ ಕೊರೊನಾ ಕಾರಣದಿಂದ ಕಾಲೇಜುಗಳು ಮುಚ್ಚಿದಾಗ ನಡೆದುದೇನೆಂಬುದು ಮಲೆನಾಡಿನವರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಪಾಠವೆಲ್ಲ ಫೋನಿಗೆ ಬಂದಿತು. ಫೋನಿಗೆ ಸಂಪರ್ಕ ಬರಲಿಲ್ಲ. ವಿದ್ಯಾರ್ಥಿಗಳು ಗುಡ್ಡ ಹತ್ತಿ, ರಸ್ತೆಯಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯ ಗುಡಿಸಲು ಕಟ್ಟಿಕೊಂಡು, ಸುರಿಯುವ ಮಳೆಯಲ್ಲಿ ಪಾಠ ಕೇಳಿದರು. ಸರ್ಕಾರವೂ ಸುಮ್ಮನಿರಲಿಲ್ಲ. ೨೦೨೧ರ ಜನವರಿಯಲ್ಲಿ ಪದವಿ ಕಾಲೇಜುಗಳು, ಪಾಲಿಟೆಕ್ನಿಕ್ಕುಗಳು, ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ರಾಜ್ಯಮಟ್ಟದ ಕಲಿಕಾ ನಿರ್ವಹಣಾ ವ್ಯವಸ್ಥೆಯೊಂದನ್ನು ಆರಂಭಿಸಿತು. ಅದೇ ವರ್ಷ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಕೊಡಲು ಕ್ರಮ ಕೈಗೊಂಡಿತು. ಇವೆಲ್ಲವೂ ಬೇಕಾದುವೇ. ಆದರೆ ಗುಡ್ಡದ ತುದಿಯಲ್ಲಿ ನಡುಗುತ್ತ ಕುಳಿತವನಿಗೆ ತಲುಪಿದುದಾದರೂ ಏನು? ಬಹುಮಟ್ಟಿಗೆ ಅದೇ ಉಪನ್ಯಾಸ. ಎದುರಿಗಿದ್ದ ಅಧ್ಯಾಪಕರು ಗಾಜಿನೊಳಕ್ಕೆ ಹೋದರು, ಅಷ್ಟೆ. ಆಮೇಲೆ ಡಿಜಿಟಲ್ ಶಿಕ್ಷಣದಿಂದ ಪ್ರಯೋಜನವಿಲ್ಲವೆಂದು ಸಲಕರಣೆಯನ್ನು ದೂಷಿಸಿದವರೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದ ಹಾಗೆ. ಒಂದು ಗಂಟೆಯ ಚಲಚ್ಚಿತ್ರ ಪಾಠಕ್ಕೆ ನೂರಾರು ಮೆಗಾಬೈಟುಗಳು ಬೇಕು. ಒಳ್ಳೆಯ ಪ್ರಶ್ನೆಯೊಂದು ಬರಹದಲ್ಲಿ ಹೋದರೆ ಒಂದೆರಡು ಕಿಲೋಬೈಟುಗಳಲ್ಲಿ ಮುಗಿಯುವುದು, ಮುಕ್ಕಾಲು ಸತ್ತ ಸಂಪರ್ಕದಲ್ಲಿಯೂ ತಲುಪುವುದು.

ಇನ್ನು ಕೊಠಡಿಯ ಏಕಾಂತದ ಓದಿಗೆ ಬರೋಣ. ಪರೀಕ್ಷೆಗೆ ಮುಂಚೆ ಪುಸ್ತಕವನ್ನು ಮತ್ತೆ ಮತ್ತೆ ಓದುವುದು ನಮ್ಮ ವಿದ್ಯಾರ್ಥಿಗಳ ಮಾಮೂಲು ಕ್ರಮ. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಕೆಲವರು ಅದನ್ನು ಎರಡು ಬಾರಿ ಓದಿದರು. ಉಳಿದವರು ಒಮ್ಮೆ ಓದಿ, ಆಮೇಲೆ ಪುಟವನ್ನು ನೋಡದೆ ನೆನಪಾದುದನ್ನು ಬರೆದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಎರಡು ಬಾರಿ ಓದಿದವರೇ ಮುಂದು: ಅವರದು ನೂರಕ್ಕೆ ೮೧, ಬರೆದವರದು ೭೫. ಆದರೆ ಒಂದು ವಾರ ಕಳೆದ ಮೇಲೆ ಓದಿದವರಲ್ಲಿ ಉಳಿದುದು ೪೨, ಬರೆದವರಲ್ಲಿ ೫೬. ನೆನಪನ್ನು ಹೊರಗೆಳೆಯುವ ಶ್ರಮವೇ ಅದನ್ನು ಬೇರೂರಿಸುವುದು. ಈ ತತ್ತ್ವದ ಮೇಲೆ ನಿಂತ ‘ಆಂಕಿ’ ಎಂಬ ಉಚಿತ ತಂತ್ರಾಂಶವಿದೆ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಕಂಠಪಾಠವೆಂದೇ ಅರ್ಥ; ನಮ್ಮ ‘ಅಂಕಿ’ಗೂ ಅದಕ್ಕೂ ಸಂಬಂಧವಿಲ್ಲ. ಒಂದು ಮುಖದಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರವಿರುವ ಚೀಟಿಗಳನ್ನು ವಿದ್ಯಾರ್ಥಿಯೇ ಬರೆದಿಡುವನು. ಸುಲಭವಾಗಿ ನೆನಪಾದ ಚೀಟಿ ಹಲವು ದಿನ ಬಿಟ್ಟು, ಮರೆತದ್ದು ಬೇಗನೆ ಮರಳಿ ಎದುರಾಗುವುದು. ಒಮ್ಮೆ ಇಳಿಸಿಕೊಂಡ ಮೇಲೆ ಸಂಪರ್ಕದ ಹಂಗಿಲ್ಲ.

ಚೀಟಿಗಳನ್ನು ಕನ್ನಡದಲ್ಲಿಯೇ ಬರೆದುಕೊಳ್ಳಬಹುದೆಂಬುದು ಸಣ್ಣ ಮಾತಲ್ಲ. ಪಿ.ಯು.ಸಿ.ವರೆಗೆ ಕನ್ನಡದಲ್ಲಿ ಯೋಚಿಸಿದವನು ಪದವಿಯಲ್ಲಿ ಇಂಗ್ಲಿಷಿನ ವಾಕ್ಯವನ್ನು ಅರ್ಥವಾಗದೆಯೇ ಉರುಹೊಡೆಯುವ ಅಪಾಯವುಂಟು. ತನ್ನ ಮಾತಿನಲ್ಲಿ ಪ್ರಶ್ನೆಯನ್ನು ರಚಿಸಲು ಹೊರಟಾಗ ಆ ಟೊಳ್ಳು ಅವನಿಗೇ ಗೋಚರಿಸುವುದು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಗಣಕಯಂತ್ರದಲ್ಲಿ ಕನ್ನಡ ಸರಾಗವಾಗಬೇಕೆಂದು ಅಷ್ಟು ಆಸಕ್ತಿ ವಹಿಸಿದುದು ಈ ಸೀಮೆಯ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ.

ಇಷ್ಟೆಲ್ಲ ಒಳ್ಳೆಯ ಕ್ರಮವಾದರೆ ವಿದ್ಯಾರ್ಥಿಗಳು ಅದನ್ನು ಏಕೆ ಬೇಡುವುದಿಲ್ಲ? ಅದಕ್ಕೂ ಉತ್ತರವಿದೆ. ೨೦೧೯ರಲ್ಲಿ ಹಾರ್ವರ್ಡಿನಲ್ಲಿಯೇ ನಡೆದ ಪ್ರಯೋಗವೊಂದರಲ್ಲಿ, ಸಕ್ರಿಯ ತರಗತಿಯಲ್ಲಿ ಕುಳಿತವರು ಹೆಚ್ಚು ಕಲಿತರು; ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ನಿರರ್ಗಳವಾದ ಉಪನ್ಯಾಸ ಕೇಳುವಾಗ ಎಲ್ಲವೂ ತಿಳಿದಂತೆ ತೋರುವುದು. ಅದು ಮಾತಿನ ಸೊಗಸು ಮಾತ್ರ. ತಾನೇ ಎಡವಿ ಏಳುವಾಗ ಆಗುವ ಆಯಾಸವನ್ನು ವಿದ್ಯಾರ್ಥಿ ಅಜ್ಞಾನವೆಂದು ತಪ್ಪಾಗಿ ಎಣಿಸುವನು.

ಈಚಿನ ಕೃತಕ ಬುದ್ಧಿಮತ್ತೆಯ ಯಂತ್ರಗಳ ಬಗೆಗೂ ಇದೇ ದೃಷ್ಟಿಯಿಂದ ಒಂದು ಮಾತು ಹೇಳಬೇಕು. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದು ೨೦೨೫ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಣಿತದ ಅಭ್ಯಾಸಕ್ಕೆ ಒಂದು ಗುಂಪಿಗೆ ಕೇಳಿದುದಕ್ಕೆಲ್ಲ ಉತ್ತರ ಹೇಳುವ ಯಂತ್ರವನ್ನೂ, ಇನ್ನೊಂದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿಹಾಕಿದ ಅದೇ ಯಂತ್ರವನ್ನೂ ಕೊಟ್ಟರು. ಅಭ್ಯಾಸದ ವೇಳೆ ಎರಡು ಗುಂಪುಗಳೂ ಬಹಳ ಮುಂದೆ ಹೋದುವು. ಆಮೇಲೆ ಯಂತ್ರವನ್ನು ಕಿತ್ತುಕೊಂಡು ಪರೀಕ್ಷೆಯಿಟ್ಟಾಗ, ಮೊದಲನೆಯ ಗುಂಪು ಯಂತ್ರವನ್ನೇ ಕಾಣದವರಿಗಿಂತ ನೂರಕ್ಕೆ ೧೭ರಷ್ಟು ಹಿಂದೆ ಬಿದ್ದಿತು. ಎರಡನೆಯ ಗುಂಪಿಗೆ ಆ ಹಾನಿ ಬಹುಪಾಲು ತಪ್ಪಿತು. ಯಂತ್ರ ಒಂದೇ, ಯೋಚಿಸುವ ಕೆಲಸವನ್ನು ಯಾರು ಮಾಡಿದರೆಂಬುದರಲ್ಲಿ ವ್ಯತ್ಯಾಸ.

ಕೊಠಡಿಯಿಂದ ಹೊರಗೆ ಬಂದರೆ ಬೆಟ್ಟದ ಕಾಲೇಜುಗಳಿಗೆ ನಗರದವರಿಗಿಲ್ಲದ ಅನುಕೂಲಗಳುಂಟು. ಕೆಲವು ಫೋನುಗಳೊಳಗೆ ವಾಯುಭಾರವನ್ನು ಅಳೆಯುವ ಸಂವೇದಕವಿರುವುದು. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾನಿಲಯದವರು ರೂಪಿಸಿದ ‘ಫೈಫಾಕ್ಸ್’ ಎಂಬ ಉಚಿತ ತಂತ್ರಾಂಶದಿಂದ ಅದರ ಅಳತೆಯನ್ನು ಓದಬಹುದು. ಚಿಕ್ಕಮಗಳೂರು ಪಟ್ಟಣದಿಂದ ಮುಳ್ಳಯ್ಯನಗಿರಿಯ ತುದಿಗೆ ಏರುವಾಗ ವಾಯುಭಾರ ಎಷ್ಟು ಇಳಿಯುವುದೆಂದು ಮೊದಲೇ ಲೆಕ್ಕಹಾಕಿ ಬರೆದಿಟ್ಟು, ಅನಂತರ ಅಳೆಯಲಿ. ಸುಮಾರು ೮೦೦ ಮೀಟರುಗಳ ಏರಿಗೆ ಹತ್ತರಲ್ಲೊಂದು ಪಾಲಿಗಿಂತ ತುಸು ಕಡಿಮೆ ಇಳಿಯಬೇಕು.

ಇದಕ್ಕಿಂತಲೂ ಬೆಲೆಯುಳ್ಳ ಸಾಮಗ್ರಿ ತೋಟದ ಮನೆಗಳ ಕಪಾಟುಗಳಲ್ಲಿದೆ. ಕಾಫಿ ಬೆಳೆಗಾರರು ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿ ಹಳೆಯದು. ನೂರು ಸೆಂಟಿಗೆ ಒಂದು ಇಂಚು, ಅಂದರೆ ೨೫.೪ ಮಿಲಿಮೀಟರು. ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಕಾಫಿ ಸಂಶೋಧನ ಕೇಂದ್ರ ಸ್ಥಾಪಿತವಾಯಿತು. ಆದರೆ ಒಂದು ಕೇಂದ್ರದ ಅಳತೆಯಿಂದ ಇಡೀ ಸೀಮೆಯ ಮಳೆಯನ್ನು ಹೇಳಲಾಗದು. ಈ ಜಿಲ್ಲೆಯಲ್ಲಿಯೇ ಕೊಟ್ಟಿಗೆಹಾರದ ಮಳೆ ಕಡೂರಿನದರ ಹಲವು ಪಟ್ಟು. ಒಂದು ಗುಡ್ಡದ ಈ ಮಗ್ಗುಲಿಗೆ ಬಿದ್ದ ಹೂಮಳೆ ಆ ಮಗ್ಗುಲಿಗೆ ಬೀಳದಿರುವುದು ಪ್ರತಿವರ್ಷದ ಅನುಭವ. ವಿದ್ಯಾರ್ಥಿಗಳು ತಮ್ಮ ತಮ್ಮ ನೆರೆಯ ತೋಟಗಳ ಪುಸ್ತಕಗಳನ್ನು ಒಪ್ಪಿಗೆ ಪಡೆದು ಫೋನಿನಲ್ಲಿ ಚಿತ್ರ ತೆಗೆದು, ಗಣಕಯಂತ್ರದ ಕೋಷ್ಟಕಕ್ಕೆ ಇಳಿಸಿದರೆ, ಜನವರಿಯ ಮೇಲೆ ಮೊದಲ ಇಂಚು ಮಳೆ ಬಿದ್ದ ದಿನ ವರ್ಷದಿಂದ ವರ್ಷಕ್ಕೆ ಹೇಗೆ ಸರಿದಿದೆಯೆಂಬ ನಕ್ಷೆಯನ್ನು ತಾವೇ ಬರೆಯಬಲ್ಲರು.

ಆ ಕೆಲಸದಲ್ಲಿ ಎದುರಾಗುವ ತೊಡಕುಗಳೇ ಒಳ್ಳೆಯ ಪಾಠಗಳು. ‘೨೫’ ಎಂದು ಬರೆದಿದ್ದರೆ ಅದು ಕಾಲು ಇಂಚೋ, ೨೫ ಮಿಲಿಮೀಟರೋ? ಮೊದಲನೆಯದಾದರೆ ಹೂ ಬಿಡಿಸಲು ಸಾಲದ ಮಳೆ, ಎರಡನೆಯದಾದರೆ ತುಂಬು ಹೂಮಳೆ. ಖಾಲಿ ಬಿಟ್ಟ ದಿನ ಮಳೆಯಿಲ್ಲದ ದಿನವೋ, ಅಳೆಯದ ದಿನವೋ? ಅಳೆಯುವವನು ಊರಿಗೆ ಹೋದ ವಾರದಲ್ಲಿ ಮಳೆಮಾಪಕ ತುಂಬಿ ಹೊರಚೆಲ್ಲಿರಲಿಲ್ಲವೆಂದು ಹೇಗೆ ನಂಬುವುದು? ನೆರೆಯ ಎರಡು ತೋಟಗಳ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದೆ ಇವಕ್ಕೆ ಉತ್ತರ ಸಿಗದು, ಯಾವ ತಂತ್ರಾಂಶವೂ ತಾನಾಗಿ ಹೇಳಲಾರದು. ೨೦೧೯ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣಾದುವು. ಆ ವಾರದ ಪುಟಗಳನ್ನು ತೆರೆದು, ಗುಡ್ಡ ಜರಿದುದು ಅತಿ ಹೆಚ್ಚು ಮಳೆಯಾದ ಒಂದು ದಿನದಲ್ಲಿಯೋ, ಅಥವಾ ಮೂರು ನಾಲ್ಕು ದಿನಗಳ ಮಳೆ ಕೂಡಿದ ಮೇಲೋ ಎಂದು ನೋಡಬೇಕಾಗಿದೆ. ಜರಿದ ಗುಡ್ಡದ ಕೆಳಗಿನ ಊರಿನ ವಿದ್ಯಾರ್ಥಿಯೊಬ್ಬಳು ಇದನ್ನು ಲೆಕ್ಕಹಾಕಲು ಕುಳಿತರೆ, ಮುಂದಿನ ಮಳೆಗಾಲದಲ್ಲಿ ಎಷ್ಟು ಇಂಚಾದಾಗ ಮನೆಯವರನ್ನು ಎಬ್ಬಿಸಿ ಹೊರಡಿಸಬೇಕೆಂಬ ಪ್ರಶ್ನೆಯೂ ಅವಳ ಕೋಷ್ಟಕದಲ್ಲಿಯೇ ಇರುವುದು.